ನಿಯಮವಿಲ್ಲದ ಜ್ಯೂರಿ ನೀಡಿದ ಸಾಕ್ಷ್ಯ

ಕೃತ್ಯ ನಡೆದ ಹೊತ್ತಿನಲ್ಲಿ ಆರೋಪಿಯ ಚಿತ್ತ ಸ್ವಸ್ಥವಾಗಿರಲಿಲ್ಲ, ಆದ್ದರಿಂದ ಅವನನ್ನು ಅಪರಾಧಕ್ಕೆ ಹೊಣೆಯಾಗಿಸಬಾರದು ಎಂಬ ವಾದಕ್ಕೆ ಬುದ್ಧಿವಿಕಲತೆಯ ಸಮರ್ಥನೆ ಎಂದು ಹೆಸರು. ಈ ವಾದವನ್ನು ಅಮೆರಿಕದ ಜ್ಯೂರಿಗಳು ಹೇಗೆ ಅಳೆಯುತ್ತವೆ ಎಂಬುದನ್ನು ಕುರಿತು ರೀಟಾ ಜೇಮ್ಸ್ ಸೈಮನ್ 1967ರಲ್ಲಿ ಪ್ರಕಟಿಸಿದ ‘ದ ಜ್ಯೂರಿ ಅಂಡ್ ದ ಡಿಫೆನ್ಸ್ ಆಫ್ ಇನ್‌ಸ್ಯಾನಿಟಿ’ ಎಂಬ ಗ್ರಂಥ ಇಂದು ಬಹುಮಟ್ಟಿಗೆ ಅಡಿಟಿಪ್ಪಣಿಗಳಲ್ಲಿ ಮಾತ್ರ ಉಳಿದುಕೊಂಡಿದೆ. ಕಾನೂನು ಯಾವ ವ್ಯಾಖ್ಯೆಯನ್ನು ಕೊಟ್ಟರೂ ಜ್ಯೂರಿ ತನಗೆ ತೋಚಿದಂತೆಯೇ ತೀರ್ಪು ನೀಡುತ್ತದೆ ಎಂಬ ಹೇಳಿಕೆಗೆ ಅದನ್ನು ಆಧಾರವಾಗಿ ತೋರಿಸುವುದೂ ಉಂಟು. ಗ್ರಂಥವನ್ನು ಗಮನವಿಟ್ಟು ಓದಿದರೆ ಆ ಹೇಳಿಕೆಗೆ ಅದು ಒದಗಿಸುವ ಆಧಾರ ತೀರ ದುರ್ಬಲವಾದುದೆಂದೂ, ಅದರ ನಿಜವಾದ ಶೋಧ ಇನ್ನೂ ಸರಿಯಾಗಿ ಚರ್ಚೆಗೇ ಬಂದಿಲ್ಲವೆಂದೂ ಕಾಣುತ್ತದೆ.

ಸೈಮನ್ ಹೋಲಿಸಿದ ನಿಯಮಗಳು ಎರಡು. 1843ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಮೆಕ್‌ನಾಟನ್ ನಿಯಮವು, ಆರೋಪಿಗೆ ತನ್ನ ಕೃತ್ಯದ ಸ್ವರೂಪ ಗೊತ್ತಿತ್ತೇ, ಅದು ತಪ್ಪೆಂದು ಗೊತ್ತಿತ್ತೇ ಎಂಬ ಅರಿವಿನ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ. 1954ರಲ್ಲಿ ನ್ಯಾಯಮೂರ್ತಿ ಡೇವಿಡ್ ಬ್ಯಾಜಲಾನ್ ವಾಷಿಂಗ್ಟನ್ನಿನಲ್ಲಿ ಬರೆದ ಡರ್ಹ್ಯಾಮ್ ತೀರ್ಪು, ಆ ಕೃತ್ಯವು ಮಾನಸಿಕ ರೋಗದ ಅಥವಾ ದೋಷದ ಫಲವೇ ಎಂಬ ವಿಶಾಲವಾದ ಪ್ರಶ್ನೆಯನ್ನು ಅದರ ಸ್ಥಾನದಲ್ಲಿ ತಂದಿತು. ಜ್ಯೂರಿಯ ಸಮಾಲೋಚನೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದರಿಂದ ಇವುಗಳಲ್ಲಿ ಯಾವುದು ಏನನ್ನು ಬದಲಿಸುತ್ತದೆ ಎಂದು ನೋಡುವ ದಾರಿ ಇರಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಜ್ಯೂರಿ ಯೋಜನೆಯವರು 1954ರಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ ನ್ಯಾಯಾಧೀಶರ ಒಪ್ಪಿಗೆ ಪಡೆದು, ಜ್ಯೂರಿ ಸದಸ್ಯರಿಗೆ ತಿಳಿಸದೆ, ನಿಜವಾದ ಸಮಾಲೋಚನೆಗಳನ್ನು ಧ್ವನಿಮುದ್ರಿಸಿದ್ದರು. ಸಂಗತಿ ಬಯಲಾಗಿ ದೊಡ್ಡ ವಿವಾದವೆದ್ದ ಬಳಿಕ 1956ರಲ್ಲಿ ಕಾಂಗ್ರೆಸ್ ಅಂಥ ಧ್ವನಿಮುದ್ರಣವನ್ನು ಕಾನೂನಿನ ಮೂಲಕವೇ ನಿಷೇಧಿಸಿತು. ಅದೇ ಯೋಜನೆಯ ಭಾಗವಾದ ಸೈಮನ್ ಅವರ ಅಧ್ಯಯನವು ಹೀಗಾಗಿ ಅಣಕು ವಿಚಾರಣೆಯ ಮಾರ್ಗವನ್ನು ಹಿಡಿಯಿತು: ನಿಜ ಪ್ರಕರಣಗಳನ್ನು ಆಧರಿಸಿದ ಎರಡು ವಿಚಾರಣೆಗಳನ್ನು, ಮನೆಗೆ ಕನ್ನ ಹಾಕಿದ ಒಂದನ್ನೂ ತಂದೆಯೊಬ್ಬ ತನ್ನ ಹೆಣ್ಣುಮಕ್ಕಳ ಮೇಲೆ ಎಸಗಿದ ಲೈಂಗಿಕ ಅಪರಾಧದ ಇನ್ನೊಂದನ್ನೂ, ಧ್ವನಿಮುದ್ರಿಸಿ, ಜ್ಯೂರಿ ಕರ್ತವ್ಯಕ್ಕೆಂದು ನ್ಯಾಯಾಲಯ ಕರೆಸಿಕೊಂಡಿದ್ದ ಸಾಮಾನ್ಯ ನಾಗರಿಕರಿಗೆ ಕೇಳಿಸಿ, ಅವರು ಒಟ್ಟಾಗಿ ಕುಳಿತು ವಾದಿಸಿದ್ದನ್ನು ದಾಖಲಿಸಲಾಯಿತು.

ಈ ವಿನ್ಯಾಸದ ತಿರುಳಿರುವುದು ಮೂರನೆಯ ಗುಂಪಿನಲ್ಲಿ. ಕೆಲವು ಜ್ಯೂರಿಗಳಿಗೆ ಮೆಕ್‌ನಾಟನ್ ನಿಯಮವನ್ನೂ ಕೆಲವಕ್ಕೆ ಡರ್ಹ್ಯಾಮ್ ನಿಯಮವನ್ನೂ ಹೇಳಿದ ಸೈಮನ್, ಇನ್ನು ಕೆಲವಕ್ಕೆ ಯಾವ ವ್ಯಾಖ್ಯೆಯನ್ನೂ ಕೊಡದೆ, ಆರೋಪಿ ಬುದ್ಧಿವಿಕಲನಾಗಿದ್ದನೆಂದು ತೋರಿದರೆ ಆ ಕಾರಣಕ್ಕೆ ಬಿಡುಗಡೆ ಮಾಡಬಹುದೆಂದಷ್ಟೇ ತಿಳಿಸಿದರು. ಕನ್ನದ ಪ್ರಕರಣದಲ್ಲಿ ನಿಯಮಗಳ ನಡುವಿನ ಅಂತರ ಅಷ್ಟೊಂದು ಸ್ಪಷ್ಟವಿಲ್ಲ. ಆದರೆ ಲೈಂಗಿಕ ಅಪರಾಧದ ಪ್ರಕರಣದಲ್ಲಿ ಮೆಕ್‌ನಾಟನ್ ನಿಯಮ ಕೇಳಿದವರು ಉಳಿದವರಿಗಿಂತ ಶಿಕ್ಷೆಯ ಕಡೆಗೆ ಹೆಚ್ಚು ವಾಲಿದರು. ಡರ್ಹ್ಯಾಮ್ ನಿಯಮ ಕೇಳಿದವರೂ ಏನನ್ನೂ ಕೇಳದವರೂ ಒಬ್ಬರಿಗೊಬ್ಬರು ಸಮೀಪದಲ್ಲಿ ನಿಂತರು. ಇದನ್ನು ನಿಯಮದ ಪರಿಣಾಮ ಅಲ್ಪವೆಂದು ಓದುವುದು ತಪ್ಪು. ನಿಯಮವಿಲ್ಲದ ಗುಂಪು ಇಲ್ಲಿ ಅಳತೆಗೋಲಾಗುತ್ತದೆ: ಜನರು ತಮ್ಮಷ್ಟಕ್ಕೆ ಯೋಚಿಸಿದಾಗ ಎಲ್ಲಿ ನಿಲ್ಲುತ್ತಾರೋ ಅಲ್ಲಿಂದ ಅವರನ್ನು ಸರಿಸುವ ಶಕ್ತಿ ಮೆಕ್‌ನಾಟನ್ ನಿಯಮಕ್ಕಿದೆ, ಡರ್ಹ್ಯಾಮ್ ನಿಯಮಕ್ಕೆ ಅಷ್ಟಾಗಿ ಇಲ್ಲ. ಅರ್ಥಾತ್, ಹಳೆಯ ನಿಯಮವು ಲೋಕದ ಸಾಮಾನ್ಯ ವಿವೇಕವನ್ನು ಕಾನೂನಿನ ಭಾಷೆಯಲ್ಲಿ ಹೇಳುತ್ತದೆಂಬ ನಂಬಿಕೆ ನಿಲ್ಲುವುದಿಲ್ಲ. ಅದು ಆ ವಿವೇಕವನ್ನು ಅರಿವಿನ ಒಂದೇ ಪ್ರಶ್ನೆಗೆ ಕಟ್ಟಿಹಾಕುತ್ತದೆ. ಅಪರಾಧದ ಸ್ವರೂಪ ಬದಲಾದಾಗ ನಿಯಮದ ಪ್ರಭಾವವೂ ಬದಲಾಗುತ್ತದೆ ಎಂಬುದೂ ಇದರೊಳಗೇ ಅಡಗಿರುವ ಮಾತು.

ಇದಕ್ಕೆ ಎದುರಾಗಿ ನಿಲ್ಲುವುದು ನಾರ್ಮನ್ ಫಿಂಕೆಲ್ ಅವರ ಕೀರ್ತಿ. 1980ರ ದಶಕದ ಪ್ರಯೋಗಗಳಿಂದ ತೊಡಗಿ 1995ರ ‘ಕಾಮನ್‌ಸೆನ್ಸ್ ಜಸ್ಟಿಸ್’ ಗ್ರಂಥದವರೆಗೆ ಅವರು, ನಿಯಮದ ಮಾತುಗಳು ಬದಲಾದರೂ ತೀರ್ಪು ಗಣನೀಯವಾಗಿ ಬದಲಾಗದೆಂದೂ, ಜನರು ತಮ್ಮೊಳಗಿನ ಬುದ್ಧಿವಿಕಲತೆಯ ಕಲ್ಪನೆಯಿಂದಲೇ ತೀರ್ಮಾನಿಸುತ್ತಾರೆಂದೂ ವಾದಿಸಿದರು. ಜನರು ಕೊಡುವ ಕಾರಣಗಳನ್ನು ಅವರು ವರ್ಗೀಕರಿಸಿದ ರೀತಿ ಬೆಲೆಯುಳ್ಳದ್ದು. ಆದರೆ ಆ ತೀರ್ಮಾನ ನಿಂತಿರುವುದು ಪ್ರಕರಣದ ಲಿಖಿತ ಸಾರಾಂಶವನ್ನು ಓದಿ ಒಬ್ಬೊಬ್ಬರೇ ಗುರುತು ಹಾಕಿದ ಉತ್ತರಗಳ ಮೇಲೆ. ಜ್ಯೂರಿ ಎಂಬುದು ಹನ್ನೆರಡು ಉತ್ತರಗಳ ಮೊತ್ತವಲ್ಲ. ಒಬ್ಬ ಸದಸ್ಯ ‘ನ್ಯಾಯಾಧೀಶರು ಹೇಳಿದ್ದು ಇದಲ್ಲ’ ಎಂದು ಇನ್ನೊಬ್ಬನನ್ನು ತಡೆಯುವ ಜಾಗ ಅದು, ಮತ್ತು ನಿಯಮ ಕೆಲಸ ಮಾಡುವುದು ಆ ತಡೆಯಲ್ಲಿಯೇ. ಸಮಾಲೋಚನೆಯನ್ನು ತೆಗೆದುಹಾಕಿದ ಪ್ರಯೋಗದಲ್ಲಿ ನಿಯಮದ ಪರಿಣಾಮ ಕಾಣದಿದ್ದರೆ, ನಿಯಮಕ್ಕೆ ಪರಿಣಾಮವೇ ಇಲ್ಲವೆಂದು ಸಾರುವ ಹಕ್ಕು ಆ ಪ್ರಯೋಗಕ್ಕೆ ದೊರೆಯುವುದಿಲ್ಲ.

ಇನ್ನೊಂದು ತಪ್ಪು ಗ್ರಹಿಕೆ ನ್ಯಾಯಾಲಯದ್ದೇ. 1972ರ ಬ್ರಾನರ್ ಪ್ರಕರಣದಲ್ಲಿ ಡರ್ಹ್ಯಾಮ್ ನಿಯಮವನ್ನು ಕೈಬಿಟ್ಟಾಗ ಮುಖ್ಯವಾಗಿ ಮುಂದಿಟ್ಟ ಆತಂಕ, ತೀರ್ಪಿನ ಅಧಿಕಾರ ಜ್ಯೂರಿಯಿಂದ ಮನೋವೈದ್ಯರ ಕೈಗೆ ಜಾರುತ್ತದೆ ಎಂಬುದು. ಐದು ವರ್ಷ ಮೊದಲೇ ಪ್ರಕಟವಾಗಿದ್ದ ಈ ಗ್ರಂಥದಲ್ಲಿ, ಮನೋವೈದ್ಯರು ಬುದ್ಧಿವಿಕಲತೆಯ ಪರವಾಗಿ ನುಡಿದ ಲೈಂಗಿಕ ಅಪರಾಧದ ಪ್ರಕರಣದಲ್ಲಿ ಡರ್ಹ್ಯಾಮ್ ಜ್ಯೂರಿಗಳಲ್ಲಿಯೂ ಹೆಚ್ಚಿನವು ಆರೋಪಿಯನ್ನು ತಪ್ಪಿತಸ್ಥನೆಂದೇ ಹೇಳಿದವು. ತಜ್ಞರ ಮಾತನ್ನು ಕೇಳಿ, ಆರೋಪಿಯ ದೈನಂದಿನ ನಡವಳಿಕೆಯ ವಿರುದ್ಧ ಅದನ್ನು ತೂಗಿ, ಕೊನೆಗೆ ತಾವೇ ತೀರ್ಮಾನಿಸಿದ ನಾಗರಿಕರಿಗೆ ತಜ್ಞರ ದಾಸರೆಂಬ ಆರೋಪ ಸಲ್ಲುವುದಿಲ್ಲ.

ಗ್ರಂಥಕ್ಕೆ ಮಿತಿಗಳಿವೆ. ಧ್ವನಿಮುದ್ರಿಕೆಯಲ್ಲಿ ಆರೋಪಿಯ ಮುಖವಿಲ್ಲ, ತೀರ್ಪಿನಿಂದ ಯಾರ ಬದುಕೂ ಬದಲಾಗುವುದಿಲ್ಲ. ಎಂಟು ರಾಜ್ಯಗಳ ದಾಖಲೆಗಳನ್ನು ಪರಿಶೀಲಿಸಿದ ನಂತರದ ಅಧ್ಯಯನವೊಂದು ತೋರಿಸಿದಂತೆ, ಘೋರಾಪರಾಧಗಳಲ್ಲಿ ಸುಮಾರು ಶೇ. 1ರಷ್ಟರಲ್ಲಿ ಮಾತ್ರ ಎತ್ತಲಾಗುವ ಈ ಸಮರ್ಥನೆ ಜ್ಯೂರಿಯ ಮುಂದೆ ಬರುವುದೂ ಅಪರೂಪ. ಈ ಮಿತಿಗಳು ಶೋಧದ ವ್ಯಾಪ್ತಿಯನ್ನು ಕಿರಿದಾಗಿಸುತ್ತವೆ, ಅದನ್ನು ಸುಳ್ಳಾಗಿಸುವುದಿಲ್ಲ.

ಜ್ಯೂರಿ ಪದ್ಧತಿಯನ್ನು ಬಿಟ್ಟುಕೊಟ್ಟ ಭಾರತದ ಓದುಗರಿಗೂ ಈ ಗ್ರಂಥ ಪರಕೀಯವಲ್ಲ. ಭಾರತೀಯ ದಂಡ ಸಂಹಿತೆಯ 84ನೆಯ ಕಲಮು ಮೆಕ್‌ನಾಟನ್ ನಿಯಮದ ಜಾಡಿನಲ್ಲಿಯೇ ಬರೆಯಲ್ಪಟ್ಟಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು ಅದೇ ಅರಿವಿನ ಪ್ರಶ್ನೆಯನ್ನು ಮುಂದುವರಿಸಿದೆ. ಆ ಪ್ರಶ್ನೆ ಮನುಷ್ಯರ ಸಹಜ ನ್ಯಾಯಬುದ್ಧಿಯನ್ನು ಎಷ್ಟು ಇಕ್ಕಟ್ಟಿಗೆ ಒಳಪಡಿಸುತ್ತದೆ ಎಂಬುದಕ್ಕೆ ಸೈಮನ್ ಅವರ ನಿಯಮವಿಲ್ಲದ ಜ್ಯೂರಿಗಳಷ್ಟು ಗಟ್ಟಿಯಾದ ಸಾಕ್ಷ್ಯ ಕೊಡುವ ಕೃತಿಗಳು ವಿರಳ. ಈ ಕಲಮನ್ನು ಬೋಧಿಸುವವರೂ ಅನ್ವಯಿಸುವವರೂ ಆ ಗ್ರಂಥವನ್ನು ಅಡಿಟಿಪ್ಪಣಿಯಿಂದ ಹೊರತೆಗೆದು ಇಡಿಯಾಗಿ ಓದಬೇಕು.