ಚಲಚ್ಚಿತ್ರ ಭಂಡಾರವೂ ನಿತ್ಯದತ್ತಿಯೂ

ಕರ್ಣಾಟಕದ ದೇವಾಲಯಗಳಿಗೆ ಸಂಬಂಧಪಟ್ಟ ದಾನಶಾಸನಗಳಲ್ಲಿ ಅಂಗಭೋಗ ರಂಗಭೋಗಗಳೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದು ಒಮ್ಮೆ ಮಾಡಿ ಮುಗಿಸತಕ್ಕ ಕಾರ್ಯವಲ್ಲವೆಂಬುದನ್ನು ಆ ದಾನಿಗಳು ಬಲ್ಲರು. ಆದುದರಿಂದಲೇ ಬಹುಮಟ್ಟಿಗೆ ವರ್ಷವರ್ಷವೂ ಫಲಕೊಡುವ ಭೂಮಿಯನ್ನು ಅದಕ್ಕಾಗಿ ಬಿಟ್ಟರು. ಚಲಚ್ಚಿತ್ರಗಳ ರಕ್ಷಣೆಗಾಗಿ ಭಾರತ ಸರ್ಕಾರವು ಕೈಕೊಂಡ ಯೋಜನೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಉಚಿತವಾಗಿದೆ.

ನಷ್ಟವು ಅಲ್ಪವಾದುದಲ್ಲ. 1913ರಲ್ಲಿ ಫಾಲ್ಕೆಯವರು ತೆರೆಗೆ ತಂದ ‘ರಾಜಾ ಹರಿಶ್ಚಂದ್ರ’ದಲ್ಲಿ ಒಂದು ಭಾಗ ಮಾತ್ರ ಉಳಿದಿದೆ. ಭಾರತದ ಮೊದಲ ವಾಕ್ಚಿತ್ರವಾದ 1931ರ ‘ಆಲಂ ಆರಾ’ದ ಪ್ರತಿ ಎಲ್ಲಿಯೂ ದೊರೆತಿಲ್ಲ, ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಗತಿಯೂ ಅದೇ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರವು ಸ್ಥಾಪಿತವಾದುದು 1964ರಲ್ಲಿ, ಎಂದರೆ ಫಾಲ್ಕೆಯವರ ಚಿತ್ರಕ್ಕೆ ಐವತ್ತು ವರ್ಷ ತುಂಬಿದ ಮೇಲೆ. ಪಿ. ಕೆ. ನಾಯರ್ ಅವರ ಅವಿಶ್ರಾಂತವಾದ ಹುಡುಕಾಟದಿಂದ ಕೆಲವು ಹಳೆಯ ಚಿತ್ರಗಳಾದರೂ ಉಳಿದವು. ಸಂಗ್ರಹಿಸಿದುದೆಲ್ಲವೂ ಸುರಕ್ಷಿತವಲ್ಲವೆಂಬುದು, 2003ರ ಜನವರಿಯಲ್ಲಿ ಪುಣೆಯ ಹಳೆಯ ಪ್ರಭಾತ್ ಆವರಣದಲ್ಲಿ ಬೆಂಕಿ ಬಿದ್ದು ನೈಟ್ರೇಟ್ ಸುರುಳಿಗಳು ಸುಟ್ಟಾಗ ವ್ಯಕ್ತವಾಯಿತು.

ಅನಂತರ ಬಂದ ರಾಷ್ಟ್ರೀಯ ಚಲಚ್ಚಿತ್ರ ಪರಂಪರಾ ಯೋಜನೆಗೆ ಸುಮಾರು 597 ಕೋಟಿ ರೂಪಾಯಿಗಳ ಅಂದಾಜಾಯಿತು. 2022ರ ಮೇ ತಿಂಗಳಲ್ಲಿ ಸುಮಾರು 2,200 ಚಿತ್ರಗಳ ಪುನರುದ್ಧಾರಕ್ಕಾಗಿ 363 ಕೋಟಿ ಗೊತ್ತುಮಾಡಲಾಯಿತು. ಇದು ಸ್ತುತ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಥ ಯೋಜನೆಗೆ ಆದಿಯಂತೆ ಅಂತ್ಯವೂ ಉಂಟು. ಚಿತ್ರದ ಕೇಡಿಗೆ ಅಂತ್ಯವಿಲ್ಲ. ನೈಟ್ರೇಟಿನ ತರುವಾಯ ಬಳಕೆಗೆ ಬಂದ ಅಸಿಟೇಟ್ ಸುರುಳಿಯು ಸೆಕೆ ತೇವಗಳಿಗೆ ಸಿಕ್ಕಿ ಹುಳಿವಾಸನೆ ಬಿಟ್ಟು ಸುಕ್ಕುತ್ತದೆ. ಈ ಕೇಡು ಮೊದಲಾದರೆ ಶೈತ್ಯದಿಂದ ಅದನ್ನು ನಿಧಾನಗೊಳಿಸಬಹುದಲ್ಲದೆ ಹಿಂದಿರುಗಿಸಲಾಗದು. ಶೈತ್ಯವೆಂದರೆ ಹಗಲಿರುಳೂ ವಿದ್ಯುಚ್ಛಕ್ತಿ, ಯಂತ್ರ, ಪರಿಣತರಾದ ನೌಕರರು. ಎಂದರೆ ಎಡೆಬಿಡದ ವೆಚ್ಚ.

ಡಿಜಿಟಲ್ ಪ್ರತಿಯಾದ ಮೇಲೆ ಮೂಲದ ಚಿಂತೆಯೇಕೆ ಎಂಬ ಆಕ್ಷೇಪಣೆಗೆ ಗ್ರಂಥಸಂಪಾದಕರೇ ಉತ್ತರ ಹೇಳಬಲ್ಲರು. ಅಚ್ಚಾದ ಪುಸ್ತಕವೆಷ್ಟೇ ಶುದ್ಧವಾಗಿರಲಿ, ಓಲೆಯ ಪ್ರತಿಯನ್ನು ಎಸೆದರೆ ಮುಂದಿನ ಸಂಪಾದಕನಿಗೆ ಪಾಠಶೋಧನೆಯ ದಾರಿಯೇ ಮುಚ್ಚಿಹೋಗುತ್ತದೆ. ಡಿಜಿಟಲ್ ಪ್ರತಿಯಾದರೋ ಓಲೆಯಷ್ಟೂ ಬಾಳತಕ್ಕುದಲ್ಲ; ಅದನ್ನು ಓದುವ ಯಂತ್ರಗಳು ಹಳತಾಗುತ್ತಿರುವಂತೆ ಮತ್ತೆ ಮತ್ತೆ ಹೊಸದರ ಮೇಲೆ ನಕಲು ಮಾಡುತ್ತಲೇ ಇರಬೇಕು.

2022ರ ಮಾರ್ಚಿಯಲ್ಲಿ ಭಂಡಾರವನ್ನು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದೊಡನೆ ವಿಲೀನಗೊಳಿಸಿರುವುದರಿಂದ ಈ ಪ್ರಶ್ನೆಯು ಮತ್ತಷ್ಟು ಗಹನವಾಗಿದೆ. ಚಿತ್ರಗಳನ್ನು ನಿರ್ಮಿಸುವ ನಿಗಮವು ಆದಾಯವನ್ನು ಲೆಕ್ಕಿಸುವುದು ಸಹಜ. ಭಂಡಾರದ ಫಲವಾದರೋ ಆಯವ್ಯಯದ ಪಟ್ಟಿಯಲ್ಲಿ ಕಾಣತಕ್ಕುದಲ್ಲ. ಪುನರುದ್ಧಾರವಾದ ಚಿತ್ರಗಳ ಸಂಖ್ಯೆಯನ್ನು ಪ್ರಕಟಿಸುವುದು ಸುಲಭ. ಕೆಡದೆ ಉಳಿದ ಸುರುಳಿಗಳು ವಾರ್ತೆಯಾಗುವುದಿಲ್ಲ. ಆದರೂ ಪುನರುದ್ಧಾರಕ್ಕೆ ಆಧಾರವು ಅವುಗಳೇ. ಆದುದರಿಂದ ಪಾಲನೆಯ ವೆಚ್ಚವನ್ನು ಯೋಜನೆಯ ಅವಧಿಗೆ ಕಟ್ಟಿಹಾಕದೆ, ಇತರ ಕಾರ್ಯಗಳಿಗೆ ತಿರುಗಿಸಲಾಗದ ಸ್ಥಿರನಿಧಿಯೊಂದರಿಂದ ವರ್ಷವರ್ಷವೂ ಒದಗಿಸುವುದು ಅವಶ್ಯಕ. ಶಾಸನಗಳ ಕಾಲದ ದಾನಿಗಳಿಗೆ ತಿಳಿದಿದ್ದ ಈ ನಿಯಮವು ಆಧುನಿಕ ರಾಜ್ಯಕ್ಕೆ ಅಸಾಧ್ಯವಾದುದೇನೂ ಅಲ್ಲ.