ಕುದುರೆ ಕಂಡಿತು, ಮಾತು ಕೇಳಲಿಲ್ಲ

ರಾಷ್ಟ್ರಪತಿಗಳ ಪ್ರಮಾಣವಚನ ಸಮಾರಂಭವನ್ನು ಒಂದು ನಾಟಕ ಅಂತ ಇಟ್ಟುಕೊಂಡೇ ವಿಮರ್ಶೆ ಮಾಡಬೇಕಾಗಿದೆ. ಅದರಲ್ಲಿ ವೇಷ ಇದೆ, ರಂಗಸಜ್ಜಿಕೆ ಇದೆ, ಪ್ರೇಕ್ಷಕರಿದ್ದಾರೆ. ಒಂದು ಮಾತೂ ಇದೆ. ನಮ್ಮ ಜನಕ್ಕೆ ತೋರಿಸುತ್ತಾ ಬಂದಿರೋದು ವೇಷವನ್ನು ಮಾತ್ರ.

ಮೊದಲು ವೇಷ ನೋಡೋಣ. 1950ರ ಜನವರಿ 26ರಂದು ರಾಜೇಂದ್ರ ಪ್ರಸಾದರು ಪ್ರಮಾಣ ಮಾಡಿದ್ದು ದರ್ಬಾರ್ ಹಾಲ್‌ನಲ್ಲಿ, ವೈಸರಾಯನಿಗಾಗಿ ಕಟ್ಟಿಸಿದ ಅರಮನೆಯೊಳಗೆ. ದೊರೆ ಹೋದ, ದರ್ಬಾರು ಉಳೀತು. ಇವತ್ತಿಗೂ 21 ತೋಪು ಹಾರುತ್ತವೆ, ಕುದುರೆ ಸವಾರರು ಬರುತ್ತಾರೆ. ಈ ಅಂಗರಕ್ಷಕ ಪಡೆಯನ್ನು ಕಟ್ಟಿದವನು ವಾರನ್ ಹೇಸ್ಟಿಂಗ್ಸ್, 1773ರಲ್ಲಿ. ಜಾಟರು, ಜಾಟ್ ಸಿಖ್ಖರು, ರಜಪೂತರನ್ನಷ್ಟೇ ಇದಕ್ಕೆ ಆರಿಸುತ್ತಾರೆಂದು ಕೋರ್ಟಿನ ಮೆಟ್ಟಿಲು ಹತ್ತಿದವರಿದ್ದಾರೆ. ಸಮಾರಂಭಕ್ಕೆ ಒಂದೇ ಎತ್ತರ, ಒಂದೇ ಮೈಕಟ್ಟಿನವರು ಬೇಕು ಎಂಬುದು ಸೇನೆ ಕೊಟ್ಟ ಉತ್ತರ. ಅಂದರೆ ದಲಿತ ರಾಷ್ಟ್ರಪತಿಯಾಗಬಹುದು, ಆ ರಾಷ್ಟ್ರಪತಿಯ ಮುಂದೆ ಕುದುರೆ ಏರಿ ಸಾಗಲಾರ! ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಕುದುರೆ ಏರಿದ ದಲಿತ ಮದುಮಗನ ಮೇಲೆ ಕಲ್ಲು ಬೀಳುವುದಕ್ಕೂ ಇದಕ್ಕೂ ನೆಂಟಸ್ತನವೇ ಇಲ್ಲ ಅನ್ನುತ್ತೀರಾ?

ಇನ್ನು ಮಾತು. ಅದು ಸಂವಿಧಾನದ 60ನೇ ವಿಧಿಯಲ್ಲಿದೆ. ಸಂವಿಧಾನವನ್ನೂ ಕಾನೂನನ್ನೂ ಉಳಿಸುತ್ತೇನೆ, ಕಾಯುತ್ತೇನೆ, ಅದರ ಪರ ನಿಲ್ಲುತ್ತೇನೆ, ಜನರ ಸೇವೆಗೆ, ಜನರ ಒಳಿತಿಗೆ ನನ್ನನ್ನು ಕೊಟ್ಟುಕೊಳ್ಳುತ್ತೇನೆ ಅನ್ನುವುದು ಅದರ ತಿರುಳು. ಮಂತ್ರಿಯಾದವನು ಸಂವಿಧಾನಕ್ಕೆ ನಿಷ್ಠನಾಗಿರ್ತೀನಿ ಅಂದರೆ ಸಾಕು. ರಾಷ್ಟ್ರಪತಿ ಅದನ್ನು ಕಾಯುತ್ತೇನೆ ಅನ್ನಬೇಕು. ನಿಷ್ಠೆ ಬೇರೆ, ಕಾವಲು ಬೇರೆ. ಇದನ್ನು ದೇವರ ಹೆಸರಲ್ಲಾದರೂ ಹೇಳಬಹುದು, ದೇವರನ್ನು ಬಿಟ್ಟಾದರೂ ಹೇಳಬಹುದು. ಊರಲ್ಲಿ ಆಣೆಪ್ರಮಾಣ ನಡೆಯೋದು ಗುಡಿಯ ಮುಂದೆ. ಗುಡಿಯೊಳಕ್ಕೆ ಬಿಟ್ಟುಕೊಳ್ಳದವನ ಆಣೆಯೂ ಹೊಸ್ತಿಲಾಚೆಯೇ ನಿಲ್ಲಬೇಕು. ಈ ಮಾತಿಗೆ ಹೊಸ್ತಿಲಿಲ್ಲ. ಅದೇ ಇದರ ದೊಡ್ಡತನ.

ಆದರೆ ಈ ಮಾತು ಬದುಕಿದೆಯೋ ಸತ್ತಿದೆಯೋ ಎನ್ನುವುದು ಸಮಾರಂಭದ ದಿನ ಗೊತ್ತಾಗೋದಿಲ್ಲ, ರುಜು ಹಾಕುವ ದಿನ ಗೊತ್ತಾಗುತ್ತದೆ. ಫಕ್ರುದ್ದೀನ್ ಅಲಿ ಅಹ್ಮದ್ 1974ರಲ್ಲಿ ಇದೇ ಮಾತು ಹೇಳಿದವರು, 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಗೆ ರುಜು ಹಾಕಿದರು. ಕೆ.ಆರ್. ನಾರಾಯಣನ್ 1997ರ ಜುಲೈ 25ರಂದು ಇದೇ ಮಾತು ಹೇಳಿದರು. ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಸರ್ಕಾರವನ್ನು ವಜಾ ಮಾಡಿ ಅಂತ ಸಂಪುಟ ಕಳಿಸಿದ ಶಿಫಾರಸನ್ನು ಮರುಪರಿಶೀಲಿಸಿ ಎಂದು ವಾಪಸು ಕಳಿಸಿದರು. ಮಾತು ಒಂದೇ, ಕೈ ಬೇರೆ ಬೇರೆ.

ಹಾಗಂತ ಒಬ್ಬ ದಲಿತನ ಪ್ರಮಾಣವಚನದಿಂದ ಕೇರಿಗೆ ಕಾವಲು ಬಂತೇ? ನಾರಾಯಣನ್ ಪ್ರಮಾಣಕ್ಕೆ ಎರಡು ವಾರ ಮುಂಚೆ, ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಆದ ಅವಮಾನವನ್ನು ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಜನರನ್ನು ಕೊಂದಿದ್ದರು. ಅದೇ ಡಿಸೆಂಬರ್ 1ರಂದು ಬಿಹಾರದ ಲಕ್ಷ್ಮಣಪುರ ಬಾತೆಯಲ್ಲಿ 58 ಜನರ ಕೊಲೆ. 2000ದ ಮಾರ್ಚ್ 11ರಂದು ನಮ್ಮ ಕಂಬಾಲಪಲ್ಲಿಯಲ್ಲಿ ಏಳು ಜನ ಸುಟ್ಟು ಬೂದಿಯಾದರು. ಬಾತೆಯ ಆರೋಪಿಗಳನ್ನು 2013ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು. ಕಂಬಾಲಪಲ್ಲಿಯವರೂ ಖುಲಾಸೆಯಾದರು.

2022ರಲ್ಲಿ ಸಂತಾಲ ಹೆಣ್ಣುಮಗಳು ದ್ರೌಪದಿ ಮುರ್ಮು ಅದೇ ಮಾತು ಹೇಳಿದರು. ಅವರು ಅಭ್ಯರ್ಥಿ ಅಂತ ಗೊತ್ತಾದ ಮೇಲೆ ಒಡಿಶಾದ ಅವರ ಹುಟ್ಟೂರಿನ ಒಂದು ಹಾಡಿಗೆ ಗಡಿಬಿಡಿಯಲ್ಲಿ ಕರೆಂಟು ಬಂತು. ಅಲ್ಲಿಯವರೆಗೆ ಆ ಕತ್ತಲು ಸರ್ಕಾರದ ಕಣ್ಣಿಗೆ ಬಿದ್ದಿರಲಿಲ್ಲ. ಪ್ರತಿ ಹಾಡಿಗೂ ಒಬ್ಬೊಬ್ಬ ರಾಷ್ಟ್ರಪತಿ ಹುಟ್ಟಬೇಕೇನು?

ಇದನ್ನೆಲ್ಲ ನೋಡಿ ಪ್ರಮಾಣವಚನ ಬರೀ ಬೊಗಳೆ ಅಂತ ಕೈ ಕೊಡವಿಕೊಂಡರೆ ಉಳ್ಳವರಿಗೇ ಸುಖ. ಅವರಿಗೆ ಬೇಕಾಗಿರೋದೂ ಅದೇ: ನಾವು ಕುದುರೆ ನೋಡಿ ಚಪ್ಪಾಳೆ ತಟ್ಟಬೇಕು, ಇಲ್ಲಾ ಬೇಸತ್ತು ಎದ್ದುಹೋಗಬೇಕು. ಎರಡೂ ಬೇಡ. ನಮ್ಮವರೊಬ್ಬರ ಫೋಟೊ ಗೋಡೆಗೆ ಹಾಕಿದರೆ ಮೇಷ್ಟ್ರುಗಳ ಕೆಲಸ ಮುಗಿಯಲಿಲ್ಲ. ಅದರ ಪಕ್ಕದ ಕರಿಹಲಗೆಯ ಮೇಲೆ 60ನೇ ವಿಧಿಯ ಆ ಒಂದು ವಾಕ್ಯ ಬರೆಯಲಿ, ಮಕ್ಕಳ ಬಾಯಲ್ಲಿ ಓದಿಸಲಿ. ಹೇಳಿದವರು ಒಬ್ಬರೇ ಇರಬಹುದು. ಮಾತು ಕೊಟ್ಟದ್ದು ನಮಗೆ. ಲೆಕ್ಕ ಕೇಳಬೇಕಾದವರೂ ನಾವೇ.