ಮದ್ದೂ ವೀರರಸವೂ

ಅಲೌಕಿಕ ಶಕ್ತಿಯನ್ನು ಪಡೆದ ಹದಿಹರೆಯದವರು ಮಾದಕದ್ರವ್ಯದ ವ್ಯಾಪಾರಿಯೊಡನೆ ಹೋರಾಡುವ ಕಥೆಗಳು ಪಾಶ್ಚಾತ್ಯರ ಚಿತ್ರಕಥೆಗಳಲ್ಲಿ ಉಂಟು. ಇವುಗಳಲ್ಲಿ ವೀರರಸವು ಎಲ್ಲಿ ನೆಲೆಗೊಳ್ಳುವುದೆಂಬುದು ವಿಚಾರಾರ್ಹ. ವಿಷಯವು ಬಾಲಿಶವೆಂದು ವಿದ್ವಾಂಸರು ಉಪೇಕ್ಷಿಸಲಾಗದು. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಮಹಾಕಾವ್ಯಕ್ಕಿಂತ ಮೊದಲು ಇಂಥವನ್ನು ಓದುತ್ತಾರೆ.

ಧನಂಜಯನು ದಶರೂಪಕದಲ್ಲಿ ಲೋಭ, ಔದ್ಧತ್ಯ, ಪಾಪ, ವ್ಯಸನಗಳನ್ನು ಪ್ರತಿನಾಯಕನ ಲಕ್ಷಣಗಳಲ್ಲಿ ಎಣಿಸಿರುವನು. ದಂಡಿಯಾದರೋ, ಶತ್ರುವಿನ ವಂಶವೀರ್ಯಾದಿಗಳನ್ನು ವರ್ಣಿಸಿ, ಅವನನ್ನು ಗೆದ್ದ ನಾಯಕನ ಉತ್ಕರ್ಷವನ್ನು ಹೇಳುವ ಕ್ರಮವನ್ನೂ ಮೆಚ್ಚಿರುವನು. ರಾವಣನಲ್ಲಿ ಇವೆರಡೂ ಸಲ್ಲುತ್ತವೆ. ಮಾದಕವ್ಯಾಪಾರಿಯಲ್ಲಿ ಲೋಭವುಂಟು, ವ್ಯಸನವಾದರೋ ಅವನು ಪರರಲ್ಲಿ ಹುಟ್ಟಿಸಿದುದು. ವರ್ಣಿಸತಕ್ಕ ಶೌರ್ಯವೂ ಅವನಲ್ಲಿಲ್ಲ. ಇಂಥವನನ್ನು ಅತಿಮಾನುಷರು ಬಡಿದುರುಳಿಸಿದರೆ ಉತ್ಸಾಹವು ಪುಷ್ಟಿಗೊಳ್ಳದು. ಕ್ರೋಧವು ತಣಿದು ಕಥೆಯು ರೌದ್ರದಲ್ಲಿಯೇ ಮುಗಿಯುವುದು.

1982ರಲ್ಲಿ ಅಮೆರಿಕದ ಮಾರ್ವೆಲ್ ಪ್ರಕಾಶನದವರು ಹೊರತಂದ ‘ಕ್ಲೋಕ್’ ಮತ್ತು ‘ಡ್ಯಾಗರ್’ ಎಂಬ ಜೋಡಿಯ ಕಥೆಯನ್ನು ಪರೀಕ್ಷಿಸೋಣ. ಇದರ ಕರ್ತೃಗಳು ಬಿಲ್ ಮ್ಯಾಂಟ್ಲೋ ಮತ್ತು ಚಿತ್ರಕಾರ ಎಡ್ ಹ್ಯಾನಿಗನ್. ಮನೆಬಿಟ್ಟು ನ್ಯೂಯಾರ್ಕ್ ಸೇರಿದ ಹುಡುಗನೊಬ್ಬನಿಗೂ ಹುಡುಗಿಯೊಬ್ಬಳಿಗೂ ದುಷ್ಟರು ಪ್ರಯೋಗಾರ್ಥವಾಗಿ ಮಾದಕವನ್ನು ಚುಚ್ಚುತ್ತಾರೆ. ಅದರಿಂದ ಅವನಿಗೆ ಕತ್ತಲೆಯೂ ಅವಳಿಗೆ ಬೆಳಕೂ ಶಕ್ತಿಯಾಗಿ ಒದಗುತ್ತವೆ. ಪೀಡೆಯೇ ಶಕ್ತಿಗೆ ಮೂಲವಾದುದು ಇಲ್ಲಿಯ ಗುಣ. ಅವನ ಕತ್ತಲೆಯ ಹಸಿವನ್ನು ಅವಳ ಬೆಳಕು ತಣಿಸುವುದೆಂಬ ಕಲ್ಪನೆ ಇನ್ನೂ ಹಿರಿದು. ಆದರೆ ಮೊದಲ ಕಥೆಯಲ್ಲಿ ಸೇಡೇ ಮುಂದಾಗಿ, ಬೆಳಕು ಹಿಂದೆ ಸರಿದಿದೆ.

ಇದಕ್ಕೆ ಹೋಲಿಸಬಲ್ಲ ಅವಳಿವೀರರು ನಮ್ಮ ಪುತ್ತೂರು ಸೀಮೆಯ ಪಾಡ್ದನದಲ್ಲಿಯೇ ಇರುವರು. ಕಾಲಿಗೆ ಮುಳ್ಳು ನೆಟ್ಟು ನೊಂದ ಪಡುಮಲೆಯ ಬಲ್ಲಾಳನನ್ನು ಗರ್ಭಿಣಿಯಾಗಿದ್ದ ದೇಯಿ ಬೈದೆತಿಯು ಮದ್ದಿನಿಂದ ಗುಣಪಡಿಸಿದಳು. ಅವಳ ಮಕ್ಕಳೇ ಕೋಟಿ ಚೆನ್ನಯರು. ಗದ್ದೆಯ ನೀರಿನ ಕಲಹದಲ್ಲಿ ಅವರು ಬುದ್ಯಂತನನ್ನು ಕೊಂದರು. ಎಣ್ಮೂರಿನಲ್ಲಿ ಮಡಿದು ಗರಡಿಗಳಲ್ಲಿ ಪೂಜೆಗೊಂಡರು. ಬುದ್ಯಂತನು ವಿಷವನ್ನು ಮಾರಿದವನಲ್ಲ. ಸಾಮ್ಯವಿರುವುದು ವೀರರ ಪಕ್ಷದಲ್ಲಿ. ಮಕ್ಕಳ ಸುರಿಗೆಗೆ ಮೊದಲು ತಾಯಿಯ ಮದ್ದು ಬಂದಿದೆ. ಆಕೆಯ ಉಪಕಾರವನ್ನು ಸ್ಮರಿಸುವ ಶ್ರೋತೃವಿಗೆ ಮಕ್ಕಳ ರೋಷವು ಬರಿಯ ರೋಷವಾಗಿ ತೋರದು. ಸಲ್ಲಬೇಕಾದುದು ಸಲ್ಲದ ಅಳಲೂ ಅದರೊಡನೆ ಕೇಳಿಸುವುದು.

ಔಷಧಕ್ಕೂ ವಶೀಕರಣಕ್ಕಾಗಿ ಉಣಿಸುವ ವಸ್ತುವಿಗೂ ನಮ್ಮ ಜನರು ‘ಮದ್ದು’ ಎಂಬ ಒಂದೇ ಮಾತನ್ನು ಬಳಸುತ್ತಾರೆ. ಕೊಡುವವನ ಕೈಯೇ ಅರ್ಥವನ್ನು ನಿರ್ಣಯಿಸುವುದು. ಆದ್ದರಿಂದ ವಿಷದ ವ್ಯಾಪಾರಿಗೆ ತಕ್ಕ ಎದುರಾಳಿ ಕೇವಲ ಯೋಧನಲ್ಲ, ವೈದ್ಯನು. ಸಾಹಿತ್ಯದರ್ಪಣಕಾರನು ಹೇಳಿದ ದಾನ, ಧರ್ಮ, ಯುದ್ಧ, ದಯಾ ಎಂಬ ನಾಲ್ಕು ವೀರಗಳಲ್ಲಿ ಇಂಥ ಕಥೆಗೆ ದಯಾವೀರವೇ ಅಂಗಿಯಾಗತಕ್ಕದ್ದು, ಯುದ್ಧವೀರವು ಅಂಗ. ನಾಗಾನಂದದ ಜೀಮೂತವಾಹನನೂ ತರುಣನೇ, ವಿದ್ಯಾಧರನೇ. ಆತನು ಆಯುಧವೆತ್ತದೆ, ತನ್ನ ದೇಹವನ್ನೇ ಒಪ್ಪಿಸಿ, ಗರುಡನ ಹಿಂಸೆಯನ್ನು ನಿಲ್ಲಿಸಿದನು.

ವ್ಯಾಪಾರಿಯೊಬ್ಬನು ಸತ್ತರೆ ಅವನ ಸ್ಥಾನಕ್ಕೆ ಇನ್ನೊಬ್ಬನು ಬರುವನು. ವ್ಯಸನಿಯು ಎದ್ದು ನಿಂತರೆ ಅಂಗಡಿಯೇ ಬರಿದಾಗುವುದು. ಇಂಥ ಕಥೆಯನ್ನು ಪಾಠಹೇಳುವ ಉಪಾಧ್ಯಾಯರು ‘ಖಳನಿಗೇನಾಯಿತು?’ ಎಂದು ಕೇಳಿ ನಿಲ್ಲದೆ, ‘ಮದ್ದು ತಿಂದ ಹುಡುಗನಿಗೇನಾಯಿತು?’ ಎಂದೂ ಕೇಳಬೇಕು. ಇದಕ್ಕೆ ಉತ್ತರವಿಲ್ಲದ ಕಥೆಯಲ್ಲಿ ಶಕ್ತಿಯೆಷ್ಟಿದ್ದರೂ ವೀರರಸವು ಅಪೂರ್ಣವೆಂದೇ ನಮ್ಮ ಅಭಿಪ್ರಾಯ.